ಮೈಕಿಲ್ಲದ ಬ್ಲೂಸ್, ಮೊದಲ ಮಹಡಿಯ ಕೋಣೆ

ಗಿಟಾರಿನ ಉಕ್ಕಿನ ತಂತಿಯ ಮೇಲೆ ಬೆರಳು ಜಾರುವಾಗ ಸಣ್ಣದೊಂದು ಕೀರಲು ಸದ್ದು ಹುಟ್ಟುತ್ತದೆ. ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುವವರು ಅದನ್ನು ದೋಷ ಎಂದೆಣಿಸಿ ಅಳಿಸಿಹಾಕುವುದುಂಟು. ಮೈದಾನದ ದೊಡ್ಡ ಕಾರ್ಯಕ್ರಮಗಳಲ್ಲಿ ಸ್ಪೀಕರುಗಳ ಅಬ್ಬರದಲ್ಲಿ ಅದು ಇದ್ದೂ ಇಲ್ಲದಂತೆ. ವಾದಕರಿಂದ ನಾಲ್ಕು ಅಡಿ ದೂರದಲ್ಲಿ ಕೂತರೆ ಮಾತ್ರ ಅದು ಕಿವಿಗೆ ಬೀಳುತ್ತದೆ. ಸಾಲು ಎತ್ತುವ ಮೊದಲು ಒಳಗೆಳೆದುಕೊಂಡ ಉಸಿರು, ಮರದ ಹಲಗೆಗೆ ಬಡಿಯುವ ಹಿಮ್ಮಡಿ, ಬಿರಡೆ ತಿರುಗಿಸುವಾಗ ತಂತಿ ಮುಲುಗುವ ದನಿ, ಇವೂ ಕೇಳುತ್ತವೆ. ಅಕೂಸ್ಟಿಕ್ ಬ್ಲೂಸ್ ಸಂಗೀತದ ಅರ್ಧ ಜೀವ ಇರುವುದು ಇಂಥ ಸದ್ದುಗಳಲ್ಲಿ. ಸ್ವರಗಳನ್ನಷ್ಟೇ ಕೇಳಿ ಬಂದವರು ಇನ್ನರ್ಧವನ್ನು ಕಳೆದುಕೊಂಡೇ ಬಂದಿರುತ್ತಾರೆ.

ನಾನು ಅದನ್ನು ಪೂರ್ತಿಯಾಗಿ ಕೇಳಿದ್ದು ಕಮರ್ಷಿಯಲ್ ಸ್ಟ್ರೀಟಿನ ಬೆನ್ನಿಗಿರುವ ಓಣಿಯೊಂದರಲ್ಲಿ. ಶನಿವಾರ ಸಂಜೆ ಆ ಬೀದಿ ಹೇಗಿರುತ್ತದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಇಬ್ರಾಹಿಂ ಸಾಹೇಬ್ ಸ್ಟ್ರೀಟಿನಿಂದ ಬರುವ ಜನ, ಜ್ಯುವೆಲರ್ಸ್ ಸ್ಟ್ರೀಟಿನಿಂದ ಬರುವ ಜನ, ಮದುವೆ ಸೀರೆಗೆ ಮ್ಯಾಚಿಂಗ್ ಬಳೆ ಹುಡುಕುವ ತಾಯಿ ಮಗಳು, ಭಗತ್‌ರಾಮ್ ಮಿಠಾಯಿ ಅಂಗಡಿಯ ಮುಂದೆ ನಿಂತೇ ಜಾಮೂನು ತಿನ್ನುವವರು. ಕನ್ನಡ, ದಖನಿ, ತಮಿಳು, ಇಂಗ್ಲಿಷ್ ನಾಲ್ಕರಲ್ಲೂ ಚೌಕಾಸಿ. ಈ ಗದ್ದಲದಿಂದ ಬದಿಗೆ ಸರಿದು, ಶಟರ್ ಅರ್ಧ ಎಳೆದಿದ್ದ ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಹಳೆಯ ಕಟ್ಟಡದ ಮೊದಲ ಮಹಡಿಯ ಕೋಣೆ. ಎತ್ತರದ ಸೂರು, ಹಲಗೆಯ ನೆಲ. ಮೂವತ್ತು ಕುರ್ಚಿ ಹಾಕಿದರೆ ಕಾಲಿಡಲು ಜಾಗವಿಲ್ಲ. ಮೈಕ್ ಇರಲಿಲ್ಲ, ಸ್ಪೀಕರ್ ಇರಲಿಲ್ಲ. ಒಂದು ಕುರ್ಚಿ, ಎರಡು ಗಿಟಾರ್, ಹಗಲು ಹೊತ್ತು ಮಕ್ಕಳಿಗೆ ಗಿಟಾರ್ ಪಾಠ ಹೇಳುವ ಒಬ್ಬ ಹಾಡುಗಾರರು.

ಮೊದಲ ಹಾಡಿನಲ್ಲಿ ನನ್ನ ಗಮನವೆಲ್ಲ ಅವರ ಹೆಬ್ಬೆರಳ ಮೇಲಿತ್ತು. ಈ ಬಗೆಯ ವಾದನದಲ್ಲಿ ಬಲಗೈಯ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಿಲ್ಲದೆ ಹೆಜ್ಜೆ ಹಾಕುತ್ತಿರುತ್ತದೆ. ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತವೆ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಅದರ ಜೊತೆಗೆ ಕಾಲು. ಬ್ಲೂಸ್‌ನ ಒಂಟಿ ಹಾಡುಗಾರರಿಗೆ ಮೃದಂಗವೂ ತಬಲವೂ ತಮ್ಮ ಪಾದವೇ. ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯಿಟ್‌ನಲ್ಲಿ ಮೊದಲ ಹಾಡುಗಳನ್ನು ಧ್ವನಿಮುದ್ರಿಸಿದಾಗ ಅವರ ಕಾಲಿನ ತಾಳವನ್ನೂ ಹಿಡಿದಿಡಲಾಯಿತು. ನಮ್ಮ ಕೋಣೆಯಲ್ಲಿ ಅದಕ್ಕೆ ಯಂತ್ರ ಬೇಕಾಗಲಿಲ್ಲ. ಹಲಗೆಯ ನೆಲವೇ ತಾಳವನ್ನು ನಮ್ಮ ಪಾದಗಳಿಗೆ ದಾಟಿಸುತ್ತಿತ್ತು.

ಸಂಗೀತ ಬಲ್ಲ ಕನ್ನಡಿಗರಿಗೆ ಇದರ ಸ್ವರಗಳು ಅಪರಿಚಿತವಲ್ಲ. ಬ್ಲೂಸ್ ಹೆಚ್ಚಾಗಿ ಬಳಸುವ ಐದು ಸ್ವರಗಳ ಚೌಕಟ್ಟನ್ನು ಕರ್ನಾಟಕ ಸಂಗೀತದವರು ಶುದ್ಧ ಧನ್ಯಾಸಿಯ ಆರೋಹಣವೆಂದು ಗುರುತಿಸಿಯಾರು: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಹಿಂದೂಸ್ತಾನಿಯವರು ಧಾನಿ ಎಂದಾರು. ಚೌಕಟ್ಟು ಒಂದೇ, ವಾಸ ಬೇರೆ. ಬ್ಲೂಸ್ ಹಾಡುಗಾರ ಗಾಂಧಾರವನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದಿಲ್ಲ. ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಒಂದು ಕಡೆ ಅದನ್ನು ಬಾಗಿಸಿ, ತುಸು ಮೇಲಕ್ಕೆ ನೂಕಿ, ಬಿಟ್ಟುಬಿಡುತ್ತಾನೆ. ಪಿಯಾನೋದ ಬಿಳಿ ಕಪ್ಪು ಮನೆಗಳಲ್ಲಿ ಆ ಸ್ವರ ಸಿಗುವುದಿಲ್ಲ. ಗಮಕ ಕೇಳಿ ಬೆಳೆದ ಕಿವಿಗೆ ಇದು ಅರ್ಥವಾಗಲು ಒಂದು ನಿಮಿಷವೂ ಬೇಡ.

ಈ ಸಂಗೀತ ಹುಟ್ಟಿದ್ದೂ ಮೈಕಿಲ್ಲದ ಜಾಗಗಳಲ್ಲೇ. ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ಹತ್ತಿಹೊಲಗಳಲ್ಲಿ, ಗುಲಾಮಗಿರಿ ಕಾನೂನಿನಲ್ಲಷ್ಟೇ ಮುಗಿದು ಸಾಲದ ರೂಪದಲ್ಲಿ ಉಳಿದುಕೊಂಡಿದ್ದ ಕಾಲದಲ್ಲಿ, ಕಪ್ಪು ಜನ ದುಡಿಯುತ್ತ ಕೂಗಿ ಹೇಳಿದ ಹಾಡುಗಳು ಇದರ ತಾಯಿಬೇರು. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಸಂಗೀತಗಾರ 1903ರ ಸುಮಾರಿಗೆ ಟುಟ್ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ರಾತ್ರಿ ರೈಲಿಗೆ ಕಾಯುತ್ತಿದ್ದಾಗ, ಹರಿದ ಬಟ್ಟೆಯ ಒಬ್ಬಾತ ಗಿಟಾರಿನ ತಂತಿಗೆ ಚಾಕು ಒತ್ತಿ ಜಾರಿಸುತ್ತ ಹಾಡುತ್ತಿದ್ದುದನ್ನು ಕೇಳಿದರು. ಒಂದೇ ಸಾಲನ್ನು ಅವನು ಮತ್ತೆ ಮತ್ತೆ ಹಾಡುತ್ತಿದ್ದ. ಹ್ಯಾಂಡಿ ಅದನ್ನು ಜೀವನವಿಡೀ ಮರೆಯಲಿಲ್ಲ, ಆತ್ಮಕಥೆಯಲ್ಲಿ ಬರೆದರು. ಆ ಹಾಡುಗಾರನ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ. ಶನಿವಾರ ರಾತ್ರಿ ಹೊಲದಂಚಿನ ಹಲಗೆಮನೆಗಳಲ್ಲಿ ಕೂಲಿಗಳು ಕೂಡುತ್ತಿದ್ದರು. ಜೂಕ್ ಜಾಯಿಂಟ್ ಎಂದು ಕರೆಯುತ್ತಿದ್ದ ಆ ಜಾಗಗಳಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್, ರಾಬರ್ಟ್ ಜಾನ್ಸನ್ ಹಾಡಿದರು. ಜಾನ್ಸನ್ 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ ಧ್ವನಿಮುದ್ರಿಸಿದ್ದು 29 ಹಾಡು ಮಾತ್ರ. 1938ರಲ್ಲಿ, 27ನೆಯ ವಯಸ್ಸಿಗೆ, ತೀರಿಕೊಂಡರು.

ನನಗೆ ಇವರೆಲ್ಲರಿಗಿಂತ ಹತ್ತಿರ ಮಿಸಿಸಿಪ್ಪಿ ಜಾನ್ ಹರ್ಟ್. 1928ರಲ್ಲಿ ಓಕೆ ಎಂಬ ಕಂಪನಿ ಇವರ ಕೆಲವು ಹಾಡುಗಳನ್ನು ತಟ್ಟೆಗೆ ಇಳಿಸಿತು. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಹರ್ಟ್ ತಮ್ಮೂರು ಅವಲಾನ್‌ಗೆ ಮರಳಿ ಹೊಲದ ಕೆಲಸ ಹಿಡಿದರು. ಮೂವತ್ತೈದು ವರ್ಷ ಹೊರಜಗತ್ತಿಗೆ ಅವರು ಇದ್ದಾರೋ ಇಲ್ಲವೋ ತಿಳಿದಿರಲಿಲ್ಲ. ಹಳೆಯ ತಟ್ಟೆಯೊಂದರ ಹಾಡಿನಲ್ಲಿ ಊರ ಹೆಸರು ಕೇಳಿದ ಟಾಮ್ ಹಾಸ್ಕಿನ್ಸ್ ಎಂಬ ಯುವಕ 1963ರಲ್ಲಿ ಆ ಊರಿಗೇ ಹೋಗಿ ವಿಚಾರಿಸಿದರೆ ಹರ್ಟ್ ಅಲ್ಲೇ ಇದ್ದರು. ಬೆರಳುಗಳಲ್ಲಿ ಹಾಡು ಹಾಗೇ ಇತ್ತು. ಅದೇ ವರ್ಷ ನ್ಯೂಪೋರ್ಟ್ ಉತ್ಸವದ ವೇದಿಕೆ ಏರಿದರು, 1966ರಲ್ಲಿ ಹೋದರು. ಅವರು ಹಾಡುವುದನ್ನು ಕೇಳಿದರೆ ಜಗಲಿಯ ಮೇಲೆ ಕೂತ ಅಜ್ಜ ಮೊಮ್ಮಕ್ಕಳಿಗೆ ಏನೋ ಹೇಳುತ್ತಿದ್ದಾರೆ ಅನ್ನಿಸುತ್ತದೆ. ದನಿ ಎತ್ತುವುದೇ ಇಲ್ಲ. ಅಂಥ ದನಿಗೆ ಮೈದಾನ ಸಲ್ಲದು, ಕೋಣೆಯೇ ಬೇಕು.

ಆ ಸಂಜೆಯ ಮೂರನೆಯದೋ ನಾಲ್ಕನೆಯದೋ ಹಾಡು ಹರ್ಟ್ ಅವರದ್ದೇ ಶೈಲಿಯಲ್ಲಿತ್ತು. ಅದೇ ಹೊತ್ತಿಗೆ ಸರಿಯಾಗಿ ಕೆಳಗಿನ ಬಟ್ಟೆ ಅಂಗಡಿಯವರು ಶಟರ್ ಪೂರ್ತಿ ಎಳೆದು ಮೇಲೆ ಬಂದು ಬಾಗಿಲ ಬಳಿ ನಿಂತರು. ಹಾಡು ಮುಗಿದ ಮೇಲೆ ನನ್ನತ್ತ ಬಾಗಿ, "ಉರುಸ್‌ನಲ್ಲಿ ಕವ್ವಾಲಿಯವರು ಹಿಂಗೇ ಮಾಡ್ತಾರೆ ಸಾರ್. ಒಂದ್ ಲೈನ್ ಹಿಡ್ಕೊಂಡ್ರೆ ಬಿಡೋದೇ ಇಲ್ಲ, ತಿರುಗಿಸಿ ತಿರುಗಿಸಿ ಕೇಳೋರ ಎದೆ ಒಳಗೆ ಇಟ್ಬಿಡ್ತಾರೆ" ಅಂದರು. "ಕೂತ್ಕೊಳ್ಳಿ ಭಾಯ್" ಎಂದು ಯಾರೋ ಕುರ್ಚಿ ಸರಿಸಿದರು. ಅವರು ಕೊನೆಯವರೆಗೂ ಇದ್ದರು.

ಅವರು ಹೇಳಿದ್ದು ಬ್ಲೂಸ್‌ನ ಕಟ್ಟೋಣದ ತಿರುಳು. ಅದರ ಒಂದು ನುಡಿಯಲ್ಲಿ ಮೂರು ಸಾಲು. ಮೊದಲ ಸಾಲು ಒಂದು ಸಂಕಟವನ್ನು ಮುಂದಿಡುತ್ತದೆ. ಎರಡನೆಯ ಸಾಲಿನಲ್ಲಿ ಅದೇ ಮಾತು ಮತ್ತೆ ಬರುತ್ತದೆ, ಈ ಸಲ ಕೆಳಗೆ ಸ್ವರಮೇಳ ಬದಲಾಗಿರುತ್ತದೆ. ಮೂರನೆಯದು ಉತ್ತರ ಕೊಡುತ್ತದೆ, ಅಥವಾ ಸಂಕಟವನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ಸಾಲುಗಳ ನಡುವೆ ಬಿಟ್ಟ ಜಾಗದಲ್ಲಿ ಗಿಟಾರ್ ಹಾಡುವವನಿಗೆ ಮರುನುಡಿಯುತ್ತದೆ. ಎಲ್ಲ ಸೇರಿ ಹನ್ನೆರಡು ಆವರ್ತ.

ಮೂರು ಸಾಲಿನ ನುಡಿ ಎಂದೊಡನೆ ಕನ್ನಡದವರಿಗೆ ನೆನಪಾಗುವುದು ತ್ರಿಪದಿ. ಬರೆದಾಗ ಮೂರೇ ಸಾಲಿನ ತ್ರಿಪದಿ, ಬೀಸುವ ಕಲ್ಲಿನ ಮುಂದೆ ಹೆಂಗಸರ ಬಾಯಲ್ಲಿ ಹಾಡಾದಾಗ ಎರಡನೆಯ ಸಾಲು ಮತ್ತೊಮ್ಮೆ ಮರಳಿ ನಾಲ್ಕಾಗುತ್ತದೆ. ಮರಳಿ ಬಂದ ಸಾಲಿಗೆ ಮೊದಲಿಲ್ಲದ ಭಾರ ಬಂದಿರುತ್ತದೆ. ದುಡಿಮೆಯ ಜೊತೆಗೇ ಹುಟ್ಟಿದ ಹಾಡು ಎರಡೂ. ಕೈಯ ಲಯವೇ ಹಾಡಿನ ಲಯ. ತವರು, ಅತ್ತೆಮನೆ, ಸತ್ತ ಕೂಸು, ಬಾರದ ಅಣ್ಣ, ಇವೆಲ್ಲ ನಸುಕಿನ ಕತ್ತಲಲ್ಲಿ ಕಲ್ಲಿನ ಎದುರು ಕೂತ ಇನ್ನೊಬ್ಬಳಿಗಷ್ಟೇ ಕೇಳುವಂತೆ ಹಾಡಾದವು. ಅದಕ್ಕಿಂತ ಸಣ್ಣ ಸಭೆ ಯಾವುದಿದೆ?

ಈ ಎರಡೂ ಬಗೆಯ ಹಾಡುಗಳನ್ನು ಸಂಗ್ರಹಿಸಿದ ಕಾಲವೂ ಹತ್ತಿರ ಹತ್ತಿರ. ಆಗಿನ ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ ಮುಂತಾದ ಗೆಳೆಯರು ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡು 'ಗರತಿಯ ಹಾಡು' ಪ್ರಕಟಿಸಿದ್ದು 1931ರಲ್ಲಿ. ಎರಡು ವರ್ಷಗಳ ಮೇಲೆ, 1933ರಲ್ಲಿ, ಜಾನ್ ಲೋಮ್ಯಾಕ್ಸ್ ಮತ್ತು ಮಗ ಆಲನ್ ಲೋಮ್ಯಾಕ್ಸ್ ಧ್ವನಿಮುದ್ರಣ ಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ಅಮೆರಿಕದ ದಕ್ಷಿಣದ ಜೈಲುಗಳಿಗೆ ಹೋದರು. ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಅವರಿಗೆ ಲೆಡ್ ಬೆಲ್ಲಿ ಎಂಬ ಹಾಡುಗಾರರು ಸಿಕ್ಕರು. 1941ರಲ್ಲಿ ಆಲನ್ ಮಿಸಿಸಿಪ್ಪಿಯ ಸ್ಟೋವಾಲ್ ತೋಟಕ್ಕೆ ಹೋಗಿ, ಅಲ್ಲಿ ಕೂಲಿಯಾಗಿದ್ದ ಮಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಯುವಕನನ್ನು ಅವನ ಗುಡಿಸಲಿನಲ್ಲೇ ಹಾಡಿಸಿ ಮುದ್ರಿಸಿಕೊಂಡರು. ತನ್ನ ದನಿಯನ್ನು ತಾನೇ ಕೇಳಿದ ಮೇಲೆ ಆ ಯುವಕನಿಗೆ ತಾನೂ ಹಾಡುಗಾರನಾಗಬಲ್ಲೆ ಎಂಬ ಧೈರ್ಯ ಬಂತು. 1943ರಲ್ಲಿ ಶಿಕಾಗೋಗೆ ಹೋಗಿ ವಿದ್ಯುತ್ ಗಿಟಾರ್ ಹಿಡಿದ. ಜಗತ್ತಿಗೆ ಅವನು ಮಡ್ಡಿ ವಾಟರ್ಸ್.

ಮಡ್ಡಿ ವಾಟರ್ಸ್ ಹಾಡೊಂದರಿಂದ ಹೆಸರು ಪಡೆದ ಲಂಡನ್ನಿನ ಹುಡುಗರು ರೋಲಿಂಗ್ ಸ್ಟೋನ್ಸ್. ಅವರು 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಗರ ಮಳೆಯಲ್ಲೂ ಕಿಕ್ಕಿರಿದು ನೆರೆದಿತ್ತು. ಅಂಥ ರಾತ್ರಿಗಳ ಸಂಭ್ರಮವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಬ್ಲೂಸ್ ಬದುಕಿದ್ದು ಆ ರಾತ್ರಿಗಳಿಂದಲ್ಲ. ಗಿಟಾರ್ ಕಲಿಯುವ ಎಂಬತ್ತು ತೊಂಬತ್ತರ ದಶಕದ ಹುಡುಗರಿಗೆ ಸಿಗುತ್ತಿದ್ದುದು ಕಲ್ಕತ್ತೆಯ ಗಿವ್ಸನ್, ಇಲ್ಲವೇ ಹಾಬ್ನರ್. ತಂತಿ ಹಲಗೆಯಿಂದ ಎಷ್ಟು ಮೇಲಿರುತ್ತಿತ್ತೆಂದರೆ ಒತ್ತಿ ಒತ್ತಿ ಬೆರಳ ತುದಿ ಬಿರಿಯುತ್ತಿತ್ತು. ಪುಸ್ತಕವಿಲ್ಲ, ಯೂಟ್ಯೂಬ್ ಇಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಕಲಿಯುವುದು, ಕಲಿತದ್ದನ್ನು ಗೆಳೆಯನ ಮನೆಯ ಮಾಳಿಗೆಯ ಮೇಲೆ ನುಡಿಸಿ ತೋರಿಸುವುದು. ಕಂಟೋನ್ಮೆಂಟಿನಲ್ಲಿ ಇದಕ್ಕೆ ಹದವಾದ ನೆಲವಿತ್ತು. 1809ರಲ್ಲಿ ಬ್ರಿಟಿಷ್ ಸೇನೆ ಬಂದು ನೆಲೆಸಿದಾಗಿನಿಂದ ಇಲ್ಲಿ ಬ್ಯಾಂಡಿನ ಸದ್ದಿತ್ತು. ಚರ್ಚುಗಳ ಪಿಯಾನೋ, ಆಂಗ್ಲೋ ಇಂಡಿಯನ್ ಮನೆಗಳ ಗಿಟಾರ್ ಇದ್ದವು.

ಆ ನೆಲದಲ್ಲೇ ಪೀಟರ್ ಐಸಾಕ್ ಮೌತ್ ಆರ್ಗನ್ ಹಿಡಿದು, ತೊಂಬತ್ತರ ದಶಕದಿಂದ ತಮ್ಮ ಕ್ರಾನಿಕ್ ಬ್ಲೂಸ್ ಸರ್ಕಸ್ ತಂಡವನ್ನು ನಡೆಸಿದರು. ಊರು ಬ್ಲೂಸ್ ಎಂದರೆ ಏನೆಂದು ಕೇಳುತ್ತಿದ್ದ ಹೊತ್ತಿನಲ್ಲಿ ಅದನ್ನೇ ಬದುಕಾಗಿಸಿಕೊಂಡವರು. ಗೋಪಾಲ್ ನವಲೆ 1996ರಲ್ಲಿ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಶುರುಮಾಡಿದ ಫ್ರೀಡಂ ಜಾಮ್, ಹೆಸರಿಲ್ಲದ ಹುಡುಗರಿಗೂ ವೇದಿಕೆ ಬಿಟ್ಟುಕೊಟ್ಟಿತು. ಅದೇ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ಅವರ ಗಿಟಾರಿನಲ್ಲಿ ಬ್ಲೂಸ್ ಇನ್ನಷ್ಟು ಬಣ್ಣ ಪಡೆಯಿತು. ಇಂದಿರಾನಗರದ ನೂರಡಿ ರಸ್ತೆಯ ಬಿ ಫ್ಲಾಟ್, ಹನ್ನೆರಡನೇ ಮೇನ್‌ನ ಹಮ್ಮಿಂಗ್ ಟ್ರೀ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್, ಹೀಗೆ ನಗರದ ಪೂರ್ವ ಭಾಗದಲ್ಲಿ ಒಂದಷ್ಟು ವರ್ಷ ವಾರಕ್ಕೆರಡು ಸಂಜೆಯಾದರೂ ಕೇಳುವುದಕ್ಕೆ ಏನಾದರೂ ಇರುತ್ತಿತ್ತು.

ಕಷ್ಟ ಬಂದದ್ದು ಬೇರೆ ದಾರಿಯಿಂದ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡುವ ಆದೇಶವೊಂದು ಬೆಂಗಳೂರಿನಲ್ಲಿ 2005ರಲ್ಲೇ ಬಂದಿತ್ತು. ಅದರ ಕಣ್ಣು ಮುಖ್ಯವಾಗಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಗಳ ಮೇಲೆ. ಹೋಟೆಲ್ ಮಾಲೀಕರು ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷದ ನಡುವಿನಲ್ಲಿ ಪೊಲೀಸರು ಅದನ್ನು ಬಿಗಿಯಾಗಿ ಜಾರಿಗೆ ತಂದಾಗ, ಕಟ್ಟಡದ ಸ್ವಾಧೀನಪತ್ರ, ಅಗ್ನಿಶಾಮಕ ದಳದ ಒಪ್ಪಿಗೆ ಇತ್ಯಾದಿ ಕಾಗದ ಹೊಂದಿಸಲಾಗದ ಎಷ್ಟೋ ಕಡೆ ಸಂಗೀತ ಒಮ್ಮೆಲೇ ನಿಂತಿತು. ವಾರದ ಕಾರ್ಯಕ್ರಮಗಳ ಸಂಭಾವನೆಯಿಂದ ಬಾಡಿಗೆ ಕಟ್ಟುತ್ತಿದ್ದ ವಾದಕರ ಕೈ ಬರಿದಾಯಿತು. 2019ರಲ್ಲಿ ಹಮ್ಮಿಂಗ್ ಟ್ರೀ ಕೂಡ ಬಾಗಿಲು ಹಾಕಿತು.

ರಾತ್ರಿಯ ಸದ್ದಿನ ಬಗ್ಗೆ ಇಂದಿರಾನಗರದ ನಿವಾಸಿಗಳ ದೂರನ್ನು ನಾನು ತಳ್ಳಿಹಾಕುವುದಿಲ್ಲ. ವಾಸದ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಸದ್ದು 45 ಡೆಸಿಬೆಲ್ ಮೀರಕೂಡದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಮಲಗಿದ ಕೂಸು, ಪರೀಕ್ಷೆಗೆ ಓದುವ ಮಗು, ಕಾಯಿಲೆಯ ಹಿರಿಯರು ಇರುವ ಮನೆಯ ಕಿಟಕಿ ನಡುರಾತ್ರಿ ನಡುಗುವುದು ಅನ್ಯಾಯ. ನನ್ನ ತಕರಾರು ಇಷ್ಟೇ: ಸಾವಿರ ಜನರನ್ನು ಕುಣಿಸುವ ಡಿಜೆ ಸ್ಪೀಕರಿಗೂ ಮೂವತ್ತು ಜನರ ನಡುವೆ ಬರಿಗೈಲಿ ನುಡಿಸುವ ಗಿಟಾರಿಗೂ ಒಂದೇ ತಕ್ಕಡಿ ಸಲ್ಲ. ಪ್ಲಗ್ಗಿಗೆ ಚುಚ್ಚದ ವಾದ್ಯ, ಹತ್ತು ಗಂಟೆಗೆ ಮುಗಿಯುವ ಕಾರ್ಯಕ್ರಮ, ಇಷ್ಟು ಕುರ್ಚಿಯ ಒಳಗಿನ ಕೋಣೆ, ಇಂಥದ್ದಕ್ಕೆ ಹಗುರವಾದ ಬೇರೆಯೇ ನಿಯಮ ಬೇಕು. ಬಾಗಿಲು, ಬೆಂಕಿ ಆರಿಸುವ ಸಲಕರಣೆ, ಹೊರಹೋಗುವ ದಾರಿ ಇದೆಯೇ ಎಂದು ನೋಡಿ ಒಂದೇ ಕಚೇರಿಯಲ್ಲಿ ಅನುಮತಿ ಕೊಡುವಂತಿದ್ದರೆ ಹಳೆಯ ಕಂಟೋನ್ಮೆಂಟಿನ ಖಾಲಿ ಮಹಡಿಗಳು ಎಷ್ಟೋ ಕಲಾವಿದರಿಗೆ ಆಸರೆಯಾದಾವು.

ಜನ ಸುಮ್ಮನೆ ಕೂತಿಲ್ಲ. 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಫಾರ್ ಸೌಂಡ್ಸ್, ಮನೆಯ ನಡುಮನೆಗಳಲ್ಲಿ ಕಛೇರಿ ನಡೆಸುವ ರೂಢಿಯನ್ನು ಬೆಂಗಳೂರಿಗೂ ತಂದಿತು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ ತಮ್ಮ ಬಾಗಿಲು ತೆರೆದಿವೆ. ಹಾಗೆ ನೋಡಿದರೆ ಧಾರವಾಡದ ಬೈಠಕ್‌ಗಳಲ್ಲಿ ಕೂತು ಬೆಳೆದ ನಾಡಿಗೆ ನಡುಮನೆಯ ಸಂಗೀತವನ್ನು ಲಂಡನ್ನಿನವರು ಕಲಿಸಬೇಕಾಗಿಲ್ಲ. ಜಮಖಾನದ ಮೇಲೆ ಕೂತು, ತಂಬೂರಿಯ ಮೀಟು ಕೇಳುವಷ್ಟು ಹತ್ತಿರದಿಂದ ಕೇಳುವ ಕಿವಿ ನಮ್ಮದು. ಊಟದ ತಟ್ಟೆಗಳ ಸದ್ದಿನ ಹಿಂದೆ ಸಂಗೀತವನ್ನು ಗೋಡೆಬಣ್ಣದಂತೆ ಬಳಿಯುವ ರೆಸ್ಟೋರೆಂಟುಗಳು ಆ ಕಿವಿಗೆ ಮಾಡುವ ಹಾನಿ ಸಣ್ಣದಲ್ಲ. ಹಾಡುವವರು ಎದೆ ಬಿಚ್ಚಿಡುತ್ತಿರುವಾಗ ಬಿಲ್ ತರಲು ಕೂಗುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಆ ಸಂಜೆಯ ಕಾರ್ಯಕ್ರಮದ ಕೊನೆಯ ಭಾಗದಲ್ಲಿ ಹಾಡುಗಾರರು ಗಿಟಾರ್ ಬದಲಿಸಿದರು. ಎರಡನೆಯದರ ಹೊಟ್ಟೆಯಲ್ಲಿ ಲೋಹದ ಬಟ್ಟಲಿತ್ತು. ಮೈಕ್ ಸಿಗದ ಕಾಲದಲ್ಲಿ ಗಿಟಾರಿನ ದನಿ ಹೆಚ್ಚಿಸಲೆಂದು ಜಾನ್ ಡೋಪೈರಾ ರೂಪಿಸಿದ, 1927ರ ಸುಮಾರಿಗೆ ನ್ಯಾಷನಲ್ ಕಂಪನಿ ಮಾರುಕಟ್ಟೆಗೆ ತಂದ ರೆಸೊನೇಟರ್. ಕಿರುಬೆರಳಿಗೆ ಗಾಜಿನ ಕೊಳವೆ ತೊಡಿಸಿ ತಂತಿಯ ಮೇಲೆ ಜಾರಿಸಿದಾಗ ಸ್ವರಗಳ ನಡುವಿನ ಗೋಡೆಗಳು ಕರಗಿಹೋದವು. ಈ ಸ್ಲೈಡ್ ನಮ್ಮಲ್ಲಿಗೆ ಹವಾಯಿಯನ್ ಗಿಟಾರಿನ ಮೂಲಕ ಬಂದು ಹಿಂದೂಸ್ತಾನಿಯೊಳಗೇ ನೆಲೆಯಾಯಿತು. ವಿಶ್ವಮೋಹನ ಭಟ್ಟರು ಮತ್ತು ಅಮೆರಿಕದ ರೈ ಕೂಡರ್ 1992ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾರ್ಥನಾ ಮಂದಿರವೊಂದರಲ್ಲಿ, ಅಭ್ಯಾಸವನ್ನೇ ಮಾಡದೆ, ಎದುರುಬದುರು ಕೂತು ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' ಗ್ರ್ಯಾಮಿ ಪಡೆಯಿತು. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಸ್ಲೈಡ್ ಗಿಟಾರಿನಲ್ಲಿ ರಾಗ ಬಿಡಿಸುವವರು.

ನನ್ನ ಮನಸ್ಸು ಇನ್ನೂ ಒಂದು ಹೆಜ್ಜೆ ಆಚೆ ಹೋಯಿತು. ಡೆಲ್ಟಾದ ಬಡ ಮಕ್ಕಳು ಗಿಟಾರ್ ಕೊಳ್ಳಲಾಗದೆ ಪೊರಕೆಯ ತಂತಿ ಬಿಚ್ಚಿ ಮನೆಗೋಡೆಗೆ ಮೊಳೆ ಹೊಡೆದು ಕಟ್ಟಿ, ಸೀಸೆ ಜಾರಿಸಿ ನುಡಿಸುತ್ತಿದ್ದರು. ಒಂದೇ ತಂತಿಯ ಆ ವಾದ್ಯಕ್ಕೆ ಡಿಡ್ಲಿ ಬೋ ಎಂದು ಹೆಸರು. ನಮ್ಮಲ್ಲಿ ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ ಇದೆ: ತಳಕ್ಕೆ ಚರ್ಮ ಬಿಗಿದ ಕೊಳಗದಂಥ ಒಡಲು, ಒಂದೇ ತಂತಿ, ಎಳೆತ ಬದಲಾದಂತೆ ಏರಿಳಿಯುವ ದನಿ. ಊರು ಹೊರಗಿಟ್ಟವರ ಕೈಯ ವಾದ್ಯ ಅದು. ಜೋಗತಿಯರ ಕಲೆಯನ್ನು ಬೀದಿಯಿಂದ ಎತ್ತಿ ನಾಡಿನ ಮುಂದಿಟ್ಟ ಬಿ. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇನ್ನು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರೂ ಆಫ್ರಿಕದಿಂದ ಬಂದವರು, ಬಹುಪಾಲು ಪೋರ್ಚುಗೀಸರ ಗುಲಾಮರಾಗಿ ಗೋವೆಗೆ ತರಲ್ಪಟ್ಟವರು. ಡೆಲ್ಟಾದ ಹಾಡುಗಾರರ ಹಿರಿಯರನ್ನು ಹಡಗು ಪಶ್ಚಿಮಕ್ಕೆ ಒಯ್ದರೆ ಇವರ ಹಿರಿಯರನ್ನು ಪೂರ್ವಕ್ಕೆ ತಂದಿತು. ಇವತ್ತು ಅವರ ಡಮಾಮಿ ಕುಣಿತದ ಹಾಡಿನಲ್ಲಿ ಕನ್ನಡವಿದೆ, ಕೊಂಕಣಿಯಿದೆ, ಮರಾಠಿಯಿದೆ.

ಕಾರ್ಯಕ್ರಮ ಮುಗಿದ ಮೇಲೆ ಹಾಡುಗಾರರ ಜೊತೆ ಮೆಟ್ಟಿಲ ಮೇಲೆ ನಿಂತು ಚೌಡಿಕೆಯ ಮಾತನ್ನೇ ಹೇಳಿದೆ. ಅವರು ಚೌಡಿಕೆಯನ್ನು ವಿಡಿಯೋದಲ್ಲಷ್ಟೇ ಕೇಳಿದ್ದರು. "ಅದನ್ನ ಯಾವ ಶ್ರುತಿಗೆ ಕಟ್ತಾರೆ?" ಎಂದು ಕೇಳಿದರು. ಹಾಡುವವರ ದನಿಗೆ ಎಂದೆ. ಹಾಗಾದರೆ ಆಗುತ್ತೆ, ನನ್ನ ಗಿಟಾರ್ ಅವರ ದನಿಗೆ ಇಳಿಸಿಕೊಳ್ತೀನಿ ಅಂದರು. ಮರಿಯಮ್ಮನಹಳ್ಳಿ ಕಡೆಯ ಜೋಗತಿಯರ ತಂಡದವರ ಪರಿಚಯವಿರುವ ಗೆಳೆಯರೊಬ್ಬರು ಪಕ್ಕದಲ್ಲೇ ಇದ್ದರು. ಬರುವವರ ಬಸ್ ಖರ್ಚು, ಸಂಭಾವನೆ, ಉಳಿಯುವ ವ್ಯವಸ್ಥೆಯ ಲೆಕ್ಕ ಅಲ್ಲೇ ಶುರುವಾಯಿತು. ಅಂಗಡಿಯ ಭಾಯ್, ಕೆಳಗಿನ ಗೋದಾಮಿನಲ್ಲಿರುವ ಕುರ್ಚಿ ಬೇಕಾದರೆ ತೆಗೆದುಕೊಳ್ಳಿ, ಆದರೆ ಚೌಡಿಕೆಯವರಿಗೆ ನೆಲದ ಮೇಲೆ ಚಾಪೆಯೇ ಸರಿ ಅಂದರು.